ಎರಡನೇ ಕೆಲಸ ಸಿಗುವ ಊರು

2017ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕಂಪನಿ ಒಂದು ಘೋಷಣೆ ಮಾಡಿತು. ನಮಗೆ ಎರಡನೇ ಕೇಂದ್ರ ಕಚೇರಿ ಬೇಕು, 500 ಕೋಟಿ ಡಾಲರ್ ಹಾಕುತ್ತೇವೆ, 50,000 ಕೆಲಸ ಕೊಡುತ್ತೇವೆ, ಬೇಕಾದ ಊರಿನವರು ಮುಂದೆ ಬನ್ನಿ ಅಂತ. ಕೆಲಸಕ್ಕೆ ಜನ ಅರ್ಜಿ ಹಾಕುವುದನ್ನು ನೋಡಿದ್ದೇವೆ. ಇಲ್ಲಿ ಊರುಗಳೇ ಸಾಲು ನಿಂತವು. ಒಟ್ಟು 238 ಅರ್ಜಿ ಬಂದವು. ಅರಿಜೋನಾದ ಟೂಸಾನ್‌ನವರು 21 ಅಡಿ ಎತ್ತರದ ಕಳ್ಳಿ ಗಿಡವನ್ನೇ ಕಳಿಸಿಕೊಟ್ಟರು. ಅಮೆಜಾನ್ ಅದನ್ನು ಇಟ್ಟುಕೊಳ್ಳಲಿಲ್ಲ, ಒಂದು ಮ್ಯೂಸಿಯಮ್ಮಿಗೆ ದಾಟಿಸಿತು. ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್‌ನವರು 345 ಎಕರೆ ಬಿಟ್ಟುಕೊಟ್ಟು ಆ ಜಾಗಕ್ಕೆ ಅಮೆಜಾನ್ ಅಂತಲೇ ಹೆಸರಿಡುತ್ತೇವೆ ಎಂದರು.

ಒಂದು ವರ್ಷಕ್ಕೂ ಮೀರಿ ಈ ಸಂಭ್ರಮ ನಡೆಯಿತು. ಕೊನೆಗೆ ಗೆದ್ದವರು ಯಾರು? ನ್ಯೂಯಾರ್ಕ್, ಮತ್ತೆ ವಾಷಿಂಗ್ಟನ್ ಸೆರಗಿನಲ್ಲಿರುವ ಆರ್ಲಿಂಗ್ಟನ್. ಒಂದು ದೇಶದ ಅತಿ ದೊಡ್ಡ ನಗರ, ಇನ್ನೊಂದು ರಾಜಧಾನಿಯ ಪಕ್ಕದ ಮನೆ. ನ್ಯೂಯಾರ್ಕಿನಲ್ಲಿ ವಿರೋಧ ಎದ್ದು 2019ರ ಫೆಬ್ರವರಿಯಲ್ಲಿ ಅಲ್ಲಿನ ಯೋಜನೆ ಬಿದ್ದುಹೋಯಿತು. ಉಳಿದದ್ದು ಆರ್ಲಿಂಗ್ಟನ್ ಮಾತ್ರ.

ಸೋತ ಊರುಗಳಲ್ಲಿ ಚೆನ್ನಾಗಿ ಬೆಳೆಯುತ್ತಿದ್ದವು ಎಷ್ಟೋ ಇದ್ದವು. ಜಾಗ ಇತ್ತು, ವಿಮಾನ ನಿಲ್ದಾಣ ಇತ್ತು, ತೆರಿಗೆ ರಿಯಾಯಿತಿ ಕೊಡಲು ತಯಾರಿದ್ದ ಸರ್ಕಾರ ಇತ್ತು. ಹಾಗಾದರೆ ಕಡಿಮೆ ಬಿದ್ದದ್ದೇನು? ಬೆಳೆಯುತ್ತಿರುವ ಒಂದು ಪ್ರದೇಶ ದೊಡ್ಡ ಟೆಕ್ ಕೇಂದ್ರ ಆಗಬಲ್ಲದಾ ಅನ್ನುವ ಪ್ರಶ್ನೆ ಇವತ್ತು ಜಗತ್ತಿನ ಎಲ್ಲ ಮೂಲೆಯಲ್ಲೂ ಇದೆ. ಸ್ಕಾಟ್ಲೆಂಡಿನಲ್ಲಿ ಸಿಲಿಕಾನ್ ಗ್ಲೆನ್ ಇದೆ, ಕೇಂಬ್ರಿಜ್ ಸುತ್ತ ಸಿಲಿಕಾನ್ ಫೆನ್ ಇದೆ, ಇಸ್ರೇಲಿನಲ್ಲಿ ಸಿಲಿಕಾನ್ ವಾಡಿ, ಕೀನ್ಯಾದಲ್ಲಿ ಸಿಲಿಕಾನ್ ಸವಾನಾ. ಹೆಸರಿಡುವುದು ಸುಲಭದ ಕೆಲಸ. ಅದಾದ ಮೇಲಿನದು ಕಷ್ಟ.

ಈ ಪ್ರಶ್ನೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಆ ಊರಿನಲ್ಲಿ ಮೊದಲ ಕೆಲಸ ಸಿಗುತ್ತದಾ ಅಂತ ಕೇಳಬೇಡಿ. ಎರಡನೇ ಕೆಲಸ ಸಿಗುತ್ತದಾ ಅಂತ ಕೇಳಿ.

ಬಿಡಿಸಿ ಹೇಳುತ್ತೇನೆ. ಹತ್ತು ವರ್ಷ ಅನುಭವ ಇರುವ ಒಬ್ಬ ಚಿಪ್ ಡಿಸೈನರ್ ಇದ್ದಾಳೆ ಅಂದುಕೊಳ್ಳಿ. ಹೊಸ ಊರಿನ ಹೊಸ ಕಂಪನಿ ಅವಳನ್ನು ಕರೆಯುತ್ತದೆ. ಸಂಬಳ ಜಾಸ್ತಿ, ಬಾಡಿಗೆ ಕಡಿಮೆ, ಗಾಳಿ ಚೆನ್ನಾಗಿದೆ. ಅವಳು ರಾತ್ರಿ ಕೂತು ಲೆಕ್ಕ ಹಾಕುವುದು ಇದನ್ನಲ್ಲ. ಈ ಕಂಪನಿ ಎರಡು ವರ್ಷದಲ್ಲಿ ಮುಚ್ಚಿದರೆ? ಬಾಸ್ ಜೊತೆ ಸರಿ ಹೋಗದಿದ್ದರೆ? ಅದೇ ಊರಿನಲ್ಲಿ ಇಂಥದ್ದೇ ಕೆಲಸ ಕೊಡುವ ಇನ್ನೊಂದು ಕಂಪನಿ ಇದೆಯಾ? ಗಂಡನಿಗೂ ಕೆಲಸ ಬೇಕು, ಅವನ ಕ್ಷೇತ್ರ ಬೇರೆ, ಅದಕ್ಕೇನು ಮಾಡುವುದು? ಮಗುವನ್ನು ಈಗಷ್ಟೇ ಸ್ಕೂಲಿಗೆ ಹಾಕಿದ್ದಾಗಿದೆ. ಮತ್ತೆ ಗಂಟುಮೂಟೆ ಕಟ್ಟಬೇಕಾದರೆ? ಒಂದೇ ಕಂಪನಿಯ ಊರಿಗೆ ಹೋಗುವುದೆಂದರೆ ಒಂದೇ ಬಾಗಿಲಿನ ಮನೆಗೆ ಹೋದ ಹಾಗೆ. ಒಳಗೆ ಹೋಗುವುದು ಸುಲಭ, ಬೆಂಕಿ ಬಿದ್ದರೆ ಕಷ್ಟ.

ಕಂಪನಿಯ ಕಡೆಯಿಂದಲೂ ಅದೇ ಲೆಕ್ಕ. ಒಬ್ಬ ಒಳ್ಳೆಯ ಎಂಜಿನಿಯರ್ ಬಿಟ್ಟು ಹೋದರೆ ಅವನ ಜಾಗಕ್ಕೆ ಅದೇ ಊರಿನಲ್ಲಿ ಇನ್ನೊಬ್ಬ ಸಿಗಬೇಕು. ಹಾಗಾಗಿ ಕೆಲಸಗಾರರು ಕಂಪನಿಗಳು ಹೆಚ್ಚಿರುವ ಕಡೆ ಹೋಗುತ್ತಾರೆ, ಕಂಪನಿಗಳು ಕೆಲಸಗಾರರು ಹೆಚ್ಚಿರುವ ಕಡೆ ಬರುತ್ತವೆ. ಅಮೆಜಾನ್ ಆರ್ಲಿಂಗ್ಟನ್ ಕಡೆ ವಾಲಿದ್ದರಲ್ಲಿ ಇದರ ಪಾಲು ದೊಡ್ಡದು. ಅಷ್ಟೇ ಅಲ್ಲ, ವರ್ಜೀನಿಯಾ ರಾಜ್ಯ ಬರೀ ರಿಯಾಯಿತಿ ಕೊಟ್ಟು ಸುಮ್ಮನಾಗಲಿಲ್ಲ. ಕಂಪ್ಯೂಟರ್ ಪದವೀಧರರ ಸಂಖ್ಯೆ ಹೆಚ್ಚಿಸುತ್ತೇವೆ ಅಂತ ಮಾತು ಕೊಟ್ಟಿತು. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ 100 ಕೋಟಿ ಡಾಲರ್‌ನ ಹೊಸ ಕ್ಯಾಂಪಸ್ ಅದೇ ಒಪ್ಪಂದದ ಜೊತೆಗೆ ಬಂತು. ನಾಳೆ ಅಮೆಜಾನ್ ಎದ್ದು ಹೋದರೂ ಆ ಕ್ಯಾಂಪಸ್ ಊರಿನ ಪಕ್ಕದಲ್ಲೇ ಉಳಿಯುತ್ತದೆ.

ಅಮ್ಮ ಇದ್ದ ಊರು

ಈ ಚಕ್ರ ಮೊದಲು ತಿರುಗುವುದು ಹೇಗೆ ಅನ್ನುವುದಕ್ಕೆ ಸಿಲಿಕಾನ್ ವ್ಯಾಲಿಯ ಕಥೆಗೇ ಹೋಗಬೇಕು. ಎಲ್ಲರಿಗೂ ಅದು ಗೊತ್ತಿದೆ ಅಂದುಕೊಂಡಿದ್ದೇವೆ. ಆದರೆ ಅದರ ಮುಖ್ಯವಾದ ತುಂಡು ಸಾಮಾನ್ಯವಾಗಿ ಭಾಷಣಗಳಲ್ಲಿ ಬರುವುದಿಲ್ಲ.

ಚಿಪ್‌ಗಳ ಮೂಲ ಬಿಡಿಭಾಗವಾದ ಟ್ರಾನ್ಸಿಸ್ಟರ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ ಅಲ್ಲ. 1947ರಲ್ಲಿ ನ್ಯೂಜೆರ್ಸಿಯಲ್ಲಿದ್ದ, ಟೆಲಿಫೋನ್ ಕಂಪನಿಯ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನಲ್ಲಿ. ಅದರ ಹಿಂದಿದ್ದ ಮೂವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ ಸ್ವಂತ ಕಂಪನಿ ಮಾಡಲು ಹೊರಟಾಗ ಬಂದದ್ದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂಗೆ. ಪಕ್ಕದ ಪಾಲೋ ಆಲ್ಟೊ ಅವರು ಬೆಳೆದ ಊರು, ವಯಸ್ಸಾದ ಅಮ್ಮ ಅಲ್ಲೇ ಇದ್ದರು. ಆಗ ಆ ಕಣಿವೆ ಹಣ್ಣಿನ ತೋಟಗಳಿಗೆ ಹೆಸರುವಾಸಿ. ಇಡೀ ಉದ್ಯಮದ ದಿಕ್ಕು ತಿರುಗಿದ್ದರಲ್ಲಿ ಒಬ್ಬ ಮಗನ ಊರ ಸೆಳೆತಕ್ಕೂ ಪಾಲಿದೆ. ಇದನ್ನು ಯಾವ ಕೈಗಾರಿಕಾ ನೀತಿಯಲ್ಲಿ ಬರೆಯುವುದು?

ಶಾಕ್ಲಿ ದೇಶದ ಮೂಲೆಮೂಲೆಯಿಂದ ಚುರುಕಾದ ಹುಡುಗರನ್ನು ಆರಿಸಿ ತಂದರು. 1956ರಲ್ಲಿ ನೊಬೆಲ್ ಕೂಡ ಬಂತು. ಆದರೆ ಅವರ ಕೈಕೆಳಗೆ ಕೆಲಸ ಮಾಡುವುದು ನರಕ. 1957ರಲ್ಲಿ ಎಂಟು ಜನ ಒಟ್ಟಿಗೆ ಬಿಟ್ಟರು. ಮೊದಲಿಗೆ ಅವರಿಗೆ ಕಂಪನಿ ಕಟ್ಟುವ ಆಸೆಯೇ ಇರಲಿಲ್ಲ. ಎಂಟೂ ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಇನ್ನೊಂದು ಕಂಪನಿ ಹುಡುಕುತ್ತಿದ್ದರು. ಆರ್ಥರ್ ರಾಕ್ ಎಂಬ ಹಣಕಾಸಿನ ಮನುಷ್ಯ, ನೀವೇ ಯಾಕೆ ಒಂದು ಶುರು ಮಾಡಬಾರದು ಎಂದರು. ಹುಟ್ಟಿದ್ದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್. ಶಾಕ್ಲಿ ಲ್ಯಾಬಿನಿಂದ ಅದು ಹೆಚ್ಚುಕಡಿಮೆ ಕೂಗಳತೆ ದೂರ.

ಮುಂದೆ ಫೇರ್‌ಚೈಲ್ಡ್‌ನಿಂದಲೂ ಜನ ಬಿಡತೊಡಗಿದರು. ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಹೊರಬಂದು 1968ರಲ್ಲಿ ಚಿಪ್ ಮಾಡುವ ಇಂಟೆಲ್ ಕಂಪನಿ ಕಟ್ಟಿದರು. ಮರುವರ್ಷ ಇನ್ನೊಂದು ಚಿಪ್ ಕಂಪನಿ, ಎಎಂಡಿ. ಎಂಟು ಜನರಲ್ಲಿ ಒಬ್ಬರಾದ ಯೂಜೀನ್ ಕ್ಲೈನರ್ 1972ರಲ್ಲಿ ಬೇರೆಯವರ ಕಂಪನಿಗೆ ಬಂಡವಾಳ ಹಾಕುವ ಸಂಸ್ಥೆಯನ್ನೇ ಶುರು ಮಾಡಿದರು. ಗಮನಿಸಿ, ಈ ಬೆಳವಣಿಗೆಯ ಪ್ರತಿ ಹೆಜ್ಜೆಯೂ ಒಂದು ರಾಜೀನಾಮೆ. ಜನ ಕೆಲಸ ಬಿಟ್ಟರು, ಊರು ಬಿಡಲಿಲ್ಲ.

ಅದಕ್ಕೆ ಕಾನೂನಿನ ಬೆಂಬಲವೂ ಇತ್ತು. ಕೆಲಸ ಬಿಟ್ಟವನು ಪ್ರತಿಸ್ಪರ್ಧಿ ಕಂಪನಿಗೆ ಹೋಗಬಾರದು ಅಂತ ಮಾಲೀಕ ಬರೆಸಿಕೊಂಡರೂ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬೆಲೆ ಇಲ್ಲ. 1872ರ ಕಾನೂನು ಅದು. ಚಿಪ್ಪು ಗಿಪ್ಪು ಯಾರ ಕನಸಿನಲ್ಲೂ ಇಲ್ಲದ ಕಾಲದ್ದು. ದೇಶದ ಇನ್ನೊಂದು ತುದಿಯಲ್ಲಿ, ಬಾಸ್ಟನ್ ಸುತ್ತಲಿನ ರೂಟ್ 128 ಹೆದ್ದಾರಿ ಪಕ್ಕ, ಇಂಥದ್ದೇ ಇನ್ನೊಂದು ಕೇಂದ್ರ ಇತ್ತು. ಎಂಐಟಿ, ಹಾರ್ವರ್ಡ್ ಎರಡೂ ಅಲ್ಲೇ. 1957ರಲ್ಲಿ ಹಳೆಯ ಉಣ್ಣೆ ಮಿಲ್ಲಿನಲ್ಲಿ ಶುರುವಾದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿ ಎಂಬತ್ತರ ದಶಕದ ಕೊನೆಗೆ ಲಕ್ಷಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತ್ತು. ಅಲ್ಲಿ ಕಂಪನಿಗಳು ಕೋಟೆಗಳ ಹಾಗೆ. ಎಲ್ಲವೂ ಒಳಗೇ ತಯಾರಾಗಬೇಕು, ಜನ ಒಳಗೇ ಇರಬೇಕು, ಬಿಟ್ಟು ಹೋಗುವವರನ್ನು ಕಟ್ಟಿಹಾಕುವ ಕರಾರಿಗೆ ಕೋರ್ಟಿನಲ್ಲಿ ಬೆಲೆ ಇತ್ತು. ಪರ್ಸನಲ್ ಕಂಪ್ಯೂಟರ್ ಬಂದಾಗ ಕೋಟೆಗಳು ಒಂದೊಂದಾಗಿ ಕುಸಿದವು. 1998ರಲ್ಲಿ ಡಿಇಸಿಯನ್ನು ಕಾಂಪ್ಯಾಕ್ ಕೊಂಡುಕೊಂಡಿತು. ಬಾಸ್ಟನ್ ಆಮೇಲೆ ಬಯೋಟೆಕ್‌ನಲ್ಲಿ ಎದ್ದು ನಿಂತದ್ದು ಬೇರೆ ಮಾತು. ಎದ್ದು ನಿಲ್ಲಲು ಅದಕ್ಕೆ ವಿಶ್ವವಿದ್ಯಾಲಯಗಳು, ಆಸ್ಪತ್ರೆಗಳು ಇದ್ದವು.

ನಕಲು ಮಾಡಲು ಹೋದವರು

ಸ್ಟ್ಯಾನ್‌ಫರ್ಡ್‌ನ ಫ್ರೆಡರಿಕ್ ಟರ್ಮನ್ ಅವರನ್ನು ಸಿಲಿಕಾನ್ ವ್ಯಾಲಿಯ ಪಿತಾಮಹ ಅನ್ನುತ್ತಾರೆ. ವಿದ್ಯಾರ್ಥಿಗಳಾದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಅವರಿಗೆ ಬೆನ್ನು ತಟ್ಟಿ ಕಂಪನಿ ಮಾಡಿಸಿದವರು, ವಿಶ್ವವಿದ್ಯಾಲಯದ ಜಾಗದಲ್ಲಿ ಕೈಗಾರಿಕಾ ಪಾರ್ಕ್ ತಂದವರು. ಅರವತ್ತರ ದಶಕದಲ್ಲಿ ಅವರಿಗೆ ನ್ಯೂಜೆರ್ಸಿಯಿಂದ ಕರೆ ಬಂತು. ಕರೆದವರು ಬೆಲ್ ಲ್ಯಾಬ್ಸ್ ಮತ್ತು ಸುತ್ತಲಿನ ದೊಡ್ಡ ಕಂಪನಿಗಳು. ನಮಗೂ ಒಂದು ಸ್ಟ್ಯಾನ್‌ಫರ್ಡ್ ಕಟ್ಟಿಕೊಡಿ ಅಂತ.

ಆ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಏನಿರಲಿಲ್ಲ ಹೇಳಿ. ಜಗತ್ತಿನಲ್ಲೇ ಹೆಸರಾದ ಲ್ಯಾಬ್, ರೇಡಿಯೊ, ಟಿವಿ ಮಾಡುವ ಆರ್‌ಸಿಎ ಕಂಪನಿಯ ಸಂಶೋಧನಾ ಕೇಂದ್ರ, ಔಷಧ ಕಂಪನಿಗಳು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ಪಕ್ಕದಲ್ಲೇ ನ್ಯೂಯಾರ್ಕಿನ ದುಡ್ಡು. ಟರ್ಮನ್ ಯೋಜನೆ ಹಾಕಿಕೊಟ್ಟರು. ಅದು ಕಾಗದದ ಮೇಲೇ ಉಳಿಯಿತು. ಕಂಪನಿಗಳು ಒಂದಕ್ಕೊಂದು ಕೈ ಜೋಡಿಸಲು ಒಪ್ಪಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಲ್ಯಾಬ್ ಇತ್ತಲ್ಲ, ಬೇರೆಯವರ ಹಂಗು ಯಾಕೆ? ಟೆಕ್ಸಸ್‌ನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಅದೂ ನೆಲ ಕಚ್ಚಿತು.

ಗೆದ್ದದ್ದು ಯಾರೂ ಎಣಿಸದ ಜಾಗದಲ್ಲಿ. ದಕ್ಷಿಣ ಕೊರಿಯಾ ಆಗ ಬಡ ದೇಶ. ಬುದ್ಧಿವಂತ ಹುಡುಗರು ಅಮೆರಿಕಕ್ಕೆ ಓದಲು ಹೋದವರು ಅಲ್ಲೇ ಉಳಿಯುತ್ತಿದ್ದರು. 1970ರಲ್ಲಿ ಟರ್ಮನ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. 1971ರಲ್ಲಿ ಇವತ್ತಿನ ಕೈಸ್ಟ್ ಸಂಸ್ಥೆಯ ಮೂಲರೂಪ ಶುರುವಾಯಿತು. ಎಂಜಿನಿಯರಿಂಗ್‌ನಲ್ಲಿ ಉನ್ನತ ಪದವಿ ಕೊಡುವ ಶಾಲೆ ಅದು. ಅಲ್ಲಿ ಓದುವವರಿಗೆ ಕಡ್ಡಾಯ ಸೇನಾ ಸೇವೆಯಲ್ಲಿ ದೊಡ್ಡ ವಿನಾಯಿತಿ ಸಿಗುತ್ತಿತ್ತು. ಹುಡುಗರು ದೇಶದಲ್ಲೇ ಉಳಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕಾ? ನಾನು ಈ ವಿನಾಯಿತಿಯ ವಿಷಯವನ್ನು ಮೆಚ್ಚುತ್ತೇನೆ. ಕಟ್ಟಡದ ನಕ್ಷೆ ಬಿಟ್ಟು, ಒಬ್ಬ 22 ವರ್ಷದ ಹುಡುಗನ ತಲೆಯಲ್ಲಿ ಏನು ಓಡುತ್ತಿದೆ ಅಂತ ಯಾರೋ ಯೋಚಿಸಿದ್ದರು.

ಸೋಯಾ ಹಾಲಿನ ಅಂಗಡಿ

ಮೊದಲ ಕಂಪನಿ ಇಲ್ಲದೆ ಎರಡನೆಯದು ಬರುವುದಿಲ್ಲ. ಮೊದಲನೆಯದಕ್ಕೆ ಗಿರಾಕಿ ಬೇಕು. ಈ ಗಿರಾಕಿ ಬಹಳ ಸಲ ಸರ್ಕಾರವೇ ಆಗಿರುತ್ತದೆ. ಖಾಸಗಿ ಸಾಹಸದ ಗುಣಗಾನ ಮಾಡುವವರು ಇದನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ. 1963ರಲ್ಲಿ ಅಮೆರಿಕ ತಯಾರಿಸಿದ ಐಸಿಗಳಲ್ಲಿ, ಅಂದರೆ ಇವತ್ತು ನಾವು ಚಿಪ್ ಅನ್ನುವುದರಲ್ಲಿ, ಸುಮಾರು ಶೇ. 60ರಷ್ಟು ಹೋದದ್ದು ಚಂದ್ರನ ಕಡೆಗೆ ಹೊರಟಿದ್ದ ಅಪೊಲೊ ಯೋಜನೆಗೆ. ಬೆಲೆ ಎಷ್ಟಾದರೂ ಕೊಳ್ಳುವ ಗಿರಾಕಿ ಇದ್ದದ್ದರಿಂದ ಕಂಪನಿಗಳು ಕೈ ಪಳಗಿಸಿಕೊಂಡವು, ಆಮೇಲೆ ಬೆಲೆ ಇಳಿಯಿತು.

ತೈವಾನ್ ಕಥೆ ಇನ್ನೂ ಸ್ವಾರಸ್ಯದ್ದು. 1974ರ ಫೆಬ್ರವರಿಯ ಒಂದು ಬೆಳಿಗ್ಗೆ ತೈಪೆಯ ಒಂದು ಸಣ್ಣ ಸೋಯಾ ಹಾಲಿನ ಅಂಗಡಿಯಲ್ಲಿ ಏಳು ಜನ ತಿಂಡಿಗೆ ಕೂತರು. ಅವರಲ್ಲಿ ಆರ್ಥಿಕ ಸಚಿವ ಸುನ್ ಯುನ್ ಸುವಾನ್ ಇದ್ದರು, ಅಮೆರಿಕದ ಆರ್‌ಸಿಎಯಲ್ಲಿದ್ದ ಎಂಜಿನಿಯರ್ ಪಾನ್ ವೆನ್ ಯುವಾನ್ ಇದ್ದರು. ತೈವಾನ್ ಐಸಿ ಮಾಡಬೇಕು, ಎಲೆಕ್ಟ್ರಾನಿಕ್ ಗಡಿಯಾರದ ಚಿಪ್‌ನಿಂದ ಶುರು ಮಾಡೋಣ, ತಂತ್ರಜ್ಞಾನವನ್ನು ಅಮೆರಿಕದಿಂದ ಕೊಂಡು ತರೋಣ ಅಂತ ಮಾತಾಯಿತು. ನಾಲ್ಕು ವರ್ಷ, ಒಂದು ಕೋಟಿ ಡಾಲರ್ ಅಂತ ಅಂದಾಜು. ಗಡಿಯಾರದ ಚಿಪ್! ಆ ಕಾಲಕ್ಕೂ ಅದು ದೊಡ್ಡ ತಂತ್ರಜ್ಞಾನವೇನಲ್ಲ. ಜಗತ್ತನ್ನು ಗೆಲ್ಲುತ್ತೇವೆ ಅಂತ ಯಾರೂ ಹೊರಡಲಿಲ್ಲ.

1976ರಲ್ಲಿ ಆರ್‌ಸಿಎ ಜೊತೆ ಒಪ್ಪಂದವಾಯಿತು. ಸರ್ಕಾರಿ ಸಂಶೋಧನಾ ಸಂಸ್ಥೆ ಐಟಿಆರ್‌ಐನಿಂದ ಎಂಜಿನಿಯರ್‌ಗಳು ಅಮೆರಿಕಕ್ಕೆ ಹೋಗಿ ಕಾರ್ಖಾನೆಯಲ್ಲಿ ನಿಂತು ಕಲಿತು ಬಂದರು. 1980ರಲ್ಲಿ ಶಿಂಚು ವಿಜ್ಞಾನ ಪಾರ್ಕ್ ತೆರೆಯಿತು. ಪಕ್ಕದಲ್ಲೇ ಎರಡು ಎಂಜಿನಿಯರಿಂಗ್ ವಿಶ್ವವಿದ್ಯಾಲಯಗಳು. ಅದೇ ವರ್ಷ ಐಟಿಆರ್‌ಐನಿಂದ ಯುಎಂಸಿ ಎಂಬ ಚಿಪ್ ಕಂಪನಿ ಕವಲೊಡೆಯಿತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ 25 ವರ್ಷ ದುಡಿದಿದ್ದ ಮಾರಿಸ್ ಚಾಂಗ್ ಅವರನ್ನು ಸರ್ಕಾರ ಕರೆಸಿಕೊಂಡಿತು. 1987ರಲ್ಲಿ, 55ನೇ ವಯಸ್ಸಿನಲ್ಲಿ, ಅವರು ಬೇರೆ ಕಂಪನಿಗಳಿಗೆ ಚಿಪ್ ತಯಾರಿಸಿಕೊಡುವ ಟಿಎಸ್‌ಎಂಸಿ ಶುರು ಮಾಡಿದರು. ಬಂಡವಾಳದಲ್ಲಿ ಸುಮಾರು ಅರ್ಧ ಸರ್ಕಾರದ್ದು, ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು ಫಿಲಿಪ್ಸ್ ಕಂಪನಿಯದು. 1997ರಲ್ಲಿ ಯುಎಂಸಿಯಿಂದ ಚಿಪ್ ಡಿಸೈನ್ ಮಾಡುವ ಮೀಡಿಯಾಟೆಕ್ ಹೊರಬಂತು. ಬಿಡುವುದು, ಪಕ್ಕದಲ್ಲೇ ಕಟ್ಟುವುದು. ಅದೇ ಆಟ. ತಿಂಡಿಯ ಬೆಳಗಿನಿಂದ ಟಿಎಸ್‌ಎಂಸಿವರೆಗೆ 13 ವರ್ಷ. ಆ ಕಂಪನಿ ಜಗತ್ತಿನ ಕುತ್ತಿಗೆ ಹಿಡಿಯುವಷ್ಟು ದೊಡ್ಡದಾಗಲು ಇನ್ನೂ ಮೂರು ದಶಕ. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ಯಾವ ದೇಶಕ್ಕೂ ಇದು ಹಿತವಾದ ಲೆಕ್ಕ ಅಲ್ಲ.

ಬೆಂಗಳೂರಿನದೂ ಇದೇ ಜಾತಿಯ ಕಥೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದಲ್ಲಿಂದ ಅದನ್ನು ಶುರು ಮಾಡುವುದು ರೂಢಿ. ಆದರೆ ಆ ಹೊತ್ತಿಗೆ ಅಲ್ಲಿ 1909ರ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಇದ್ದವು. ಸರ್ಕಾರಿ ಕಾರ್ಖಾನೆಗಳು ಅಂತ ಮೂಗು ಮುರಿಯುವವರಿದ್ದಾರೆ. ವಿಮಾನ, ಟೆಲಿಫೋನ್, ರಾಡಾರ್ ಬಿಚ್ಚಿ ಜೋಡಿಸಿ ಗೊತ್ತಿದ್ದ ಎರಡು ತಲೆಮಾರಿನ ಜನ ಅಲ್ಲಿದ್ದದ್ದು ಆ ಕಾರ್ಖಾನೆಗಳಿಂದಲೇ. ಹೊರಗಿನ ಕಂಪನಿ ಬಂದದ್ದು ಖಾಲಿ ಮೈದಾನಕ್ಕಲ್ಲ.

ಈಗಿನ ಸುದ್ದಿಗಳನ್ನು ಓದುವಾಗಲೂ ಇದನ್ನು ನೆನಪಿಡಬೇಕು. ಚಿಪ್ ತಯಾರಿಕೆ ತನ್ನ ನೆಲದಲ್ಲೇ ನಡೆಯಲಿ ಅಂತ ಅಮೆರಿಕ 2022ರಲ್ಲಿ ಚಿಪ್ಸ್ ಕಾಯ್ದೆ ತಂದು 5,000 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ಟಿಎಸ್‌ಎಂಸಿ ಅರಿಜೋನಾದ ಫೀನಿಕ್ಸ್‌ಗೆ ಹೋಯಿತು, ಜಪಾನಿನ ಕುಮಾಮೊಟೊಗೆ ಹೋಯಿತು, ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಿದೆ. ಹೊಸ ಕೇಂದ್ರಗಳು ಹುಟ್ಟುತ್ತಿವೆ ಅಂತ ಸುದ್ದಿ. ಸ್ವಲ್ಪ ಕೆದಕಿ ನೋಡಿ. ಫೀನಿಕ್ಸ್‌ನಲ್ಲಿ 1949ರಿಂದ ಮೊಟೊರೊಲಾ ಇತ್ತು, ಪಕ್ಕದ ಚಾಂಡ್ಲರ್‌ನಲ್ಲಿ 1980ರಿಂದ ಇಂಟೆಲ್ ಇದೆ. ಕುಮಾಮೊಟೊದಲ್ಲಿ ಸೋನಿಯ ಚಿಪ್ ಕಾರ್ಖಾನೆ ಮೊದಲೇ ಇತ್ತು, ಆ ಕ್ಯೂಶು ದ್ವೀಪಕ್ಕೇ ಸಿಲಿಕಾನ್ ದ್ವೀಪ ಅಂತ ಹಳೆಯ ಅಡ್ಡಹೆಸರು. ಡ್ರೆಸ್ಡೆನ್‌ನಲ್ಲಿ ಚಿಪ್ ಕೆಲಸ ಪೂರ್ವ ಜರ್ಮನಿಯ ಕಾಲದಿಂದ ನಡೆದುಬಂದಿದೆ. ಇಷ್ಟಿದ್ದೂ ಫೀನಿಕ್ಸ್‌ನಲ್ಲಿ ಅನುಭವಿ ಕೆಲಸಗಾರರು ಸಾಲದೆ ಕೆಲಸ ತಡವಾಯಿತು, ತೈವಾನಿನಿಂದ ಜನ ಕರೆತರಬೇಕಾಯಿತು. ಅಂಥಲ್ಲೇ ಹೀಗಾದರೆ ಏನೂ ಇಲ್ಲದ ಕಡೆ ಹೇಗೆ?

ಪಾರ್ಕು, ಫಲಕ, ಫೋಟೊ

ಪಾರ್ಕ್ ಕಟ್ಟಿ ಕಾಯುವವರ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಜಪಾನ್ 1963ರಲ್ಲಿ ಟೋಕಿಯೊದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಸುಕುಬಾ ವಿಜ್ಞಾನ ನಗರಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಸಾಲುಸಾಲಾಗಿ ಬಂದವು. ಟೋಕಿಯೊದಿಂದ ಅಲ್ಲಿಗೆ ನೇರ ರೈಲು ಬಂದದ್ದು 2005ರಲ್ಲಿ. ಒಳ್ಳೆಯ ವಿಜ್ಞಾನ ನಡೆಯಿತು, ಆದರೆ ಸಂಸ್ಥೆ ಬಿಟ್ಟು ಹೊರಬಂದು ಕಂಪನಿ ಕಟ್ಟುವ ಸರ್ಕಾರಿ ವಿಜ್ಞಾನಿ ಅಪರೂಪ. ಫ್ರಾನ್ಸಿನ ನೀಸ್ ಹತ್ತಿರ 1969ರಲ್ಲಿ ಸೋಫಿಯಾ ಆಂಟಿಪೊಲಿಸ್ ಶುರುವಾಯಿತು. ಸಮುದ್ರ, ಬಿಸಿಲು, ಪೈನ್ ಮರಗಳ ನಡುವೆ ಕಚೇರಿ. ದೊಡ್ಡ ಕಂಪನಿಗಳು ಶಾಖೆ ತೆರೆದವು. ತೊಂಬತ್ತರ ದಶಕದ ಶುರುವಿನಲ್ಲಿ ಆ ಕಂಪನಿಗಳು ಕೆಮ್ಮಿದರೆ ಊರಿಗೇ ಜ್ವರ ಬಂತು. ಅದು ತನ್ನ ಕಾಲ ಮೇಲೆ ನಿಂತದ್ದು ಸ್ಥಳೀಯ ಟೆಲಿಕಾಂ ಕಂಪನಿಗಳು ಮೊಳೆತ ಮೇಲೆ. ಯುರೋಪಿನ ಟೆಲಿಕಾಂ ಮಾನಕಗಳನ್ನು ಗೊತ್ತು ಮಾಡುವ ಸಂಸ್ಥೆ 1988ರಲ್ಲಿ ಅಲ್ಲಿ ಬಂದು ನೆಲೆಸಿದ್ದು ಅದಕ್ಕೆ ಅನುಕೂಲವಾಯಿತು.

ಶಾಖೆ ಮತ್ತು ತವರು, ಈ ವ್ಯತ್ಯಾಸ ದೊಡ್ಡದು. ಶಾಖೆಯಲ್ಲಿ ಕೆಲಸ ಇರುತ್ತದೆ, ತೀರ್ಮಾನ ಇರುವುದಿಲ್ಲ. ಏನು ತಯಾರಿಸಬೇಕು, ಯಾರಿಗೆ ಮಾರಬೇಕು, ಬೆಲೆ ಎಷ್ಟು ಇವೆಲ್ಲ ಬೇರೆಲ್ಲೋ ನಿಶ್ಚಯವಾಗುತ್ತವೆ. ಹಾಗಾಗಿ ಶಾಖೆಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೂ ಸ್ವಂತ ಕಂಪನಿ ನಡೆಸುವುದು ಗೊತ್ತಿರುವುದಿಲ್ಲ. ಅವನ ತಪ್ಪಲ್ಲ, ಆ ಮೀಟಿಂಗಿಗೆ ಅವನನ್ನು ಯಾರೂ ಕರೆದೇ ಇಲ್ಲ.

ಅದಕ್ಕೂ ಕೆಳಗಿನ ಮೆಟ್ಟಿಲೆಂದರೆ ಬರೀ ಘೋಷಣೆ. 2017ರಲ್ಲಿ ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಫಾಕ್ಸ್‌ಕಾನ್ ಕಂಪನಿ ಅಮೆರಿಕದ ವಿಸ್ಕಾನ್ಸಿನ್‌ನ ಮೌಂಟ್ ಪ್ಲೆಸೆಂಟ್‌ನಲ್ಲಿ 1,000 ಕೋಟಿ ಡಾಲರ್ ಹಾಕಿ 13,000 ಕೆಲಸ ಕೊಡುತ್ತೇನೆ ಎಂದಿತು. ಮನೆಗಳನ್ನು ಕೊಂಡು ಕೆಡವಿದರು, ರಸ್ತೆ ಅಗಲ ಮಾಡಿದರು. 2021ರ ಹೊತ್ತಿಗೆ ಮಾತು 1,454 ಕೆಲಸಕ್ಕೆ ಇಳಿದಿತ್ತು. ಮುಂದೆ ಅದೇ ಜಾಗದಲ್ಲಿ ಮೈಕ್ರೋಸಾಫ್ಟ್ ಡೇಟಾ ಸೆಂಟರ್ ಕಟ್ಟತೊಡಗಿತು. ಇವತ್ತು ಎಐ ಹೆಸರಿನಲ್ಲಿ ಊರೂರಿಗೆ ಬರುತ್ತಿರುವುದು ಇವೇ. ತೆರಿಗೆ ಬರಬಹುದು, ಬೇಡ ಅನ್ನುವುದಿಲ್ಲ. ಆದರೆ ಡೇಟಾ ಸೆಂಟರ್ ಕಟ್ಟುವಾಗ ಇರುವಷ್ಟು ಜನ ಕಟ್ಟಿದ ಮೇಲೆ ಇರುವುದಿಲ್ಲ. ಕರೆಂಟು, ನೀರು ಎಳೆಯುವ ಯಂತ್ರಗಳ ಗೋದಾಮು ಅದು. ಅಲ್ಲಿಂದ ರಾಜೀನಾಮೆ ಕೊಟ್ಟು ಬಂದು ಯಾರು ಏನು ಕಟ್ಟುತ್ತಾರೆ? ಡೇಟಾ ಸೆಂಟರ್ ಬಂದ ಮಾತ್ರಕ್ಕೆ ಊರು ಟೆಕ್ ಕೇಂದ್ರ ಆಯಿತು ಅನ್ನುವುದು, ಅಣೆಕಟ್ಟು ಬಂದ ಮಾತ್ರಕ್ಕೆ ಊರವರೆಲ್ಲ ಈಜುಗಾರರಾದರು ಅಂದ ಹಾಗೆ.

ಪಾರ್ಕ್ ಕಟ್ಟಿ ಗೆದ್ದವರೂ ಇದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಒಂದು ಕಾಲಕ್ಕೆ ತಂಬಾಕು, ಬಟ್ಟೆ ಗಿರಣಿ, ಪೀಠೋಪಕರಣಗಳ ರಾಜ್ಯ. ಅಲ್ಲಿನ ಮೂರು ವಿಶ್ವವಿದ್ಯಾಲಯಗಳಲ್ಲಿ ಓದಿದವರು ಊರು ಬಿಟ್ಟು ಹೋಗುತ್ತಿದ್ದರು. 1959ರಲ್ಲಿ ಮೂರರ ನಡುವಿನ ಜಾಗದಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಮಾಡಿದರು. ಐಬಿಎಂ ಬರುತ್ತೇನೆ ಅಂದದ್ದು 1965ರಲ್ಲಿ. ಪಾರ್ಕಿಗಿಂತ ಮೊದಲೇ ವಿಶ್ವವಿದ್ಯಾಲಯಗಳು ಇದ್ದವು ಅನ್ನುವುದನ್ನು ಮರೆಯಬೇಡಿ. ಕೆರೆ ಮೊದಲೇ ಇತ್ತು, ಇವರು ತೂಬು ಇಟ್ಟರು.

ಮೊದಲ ದುಡ್ಡು ಎಲ್ಲಿಗೆ ಹೋಗುತ್ತದೆ

ಎಸ್ಟೋನಿಯಾದಲ್ಲಿ ಇರುವುದು 13 ಲಕ್ಷ ಜನ. 2003ರಲ್ಲಿ ಬಂದ, ಇಂಟರ್ನೆಟ್ಟಿನಲ್ಲಿ ಫೋನ್ ಕರೆ ಮಾಡಿಸುವ ಸ್ಕೈಪ್‌ನ ಸಂಸ್ಥಾಪಕರು ಒಬ್ಬ ಸ್ವೀಡನ್ನಿನವರು, ಒಬ್ಬ ಡೆನ್ಮಾರ್ಕಿನವರು. ಕೋಡ್ ಬರೆದವರು ಮಾತ್ರ ಎಸ್ಟೋನಿಯಾದ ರಾಜಧಾನಿ ಟಾಲಿನ್‌ನ ಹುಡುಗರು. 2005ರಲ್ಲಿ ಇಬೇ ಅದನ್ನು 260 ಕೋಟಿ ಡಾಲರ್‌ಗೆ ಕೊಂಡಾಗ ಆ ಎಂಜಿನಿಯರ್‌ಗಳ ಕೈಗೂ ದುಡ್ಡು ಬಂತು. ಅವರು ಅದನ್ನು ಬೇರೆ ಹುಡುಗರ ಕಂಪನಿಗಳಿಗೆ ಹಾಕತೊಡಗಿದರು. ಸ್ಕೈಪ್‌ನ ಮೊದಮೊದಲ ಉದ್ಯೋಗಿ ತಾವೆಟ್ ಹಿನ್ರಿಕುಸ್ 2011ರಲ್ಲಿ ಜೊತೆಗಾರನೊಂದಿಗೆ ಹಣ ಕಳಿಸುವ ವೈಸ್ ಕಂಪನಿ ಕಟ್ಟಿದರು. ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಅದರ ಮರಿಗಳು ಓಡಾಡಿಕೊಂಡಿವೆ. ಆ ದುಡ್ಡೆಲ್ಲ ನಿವೇಶನ, ಅಪಾರ್ಟ್‌ಮೆಂಟಿಗೆ ಹೋಗಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಬಹಳಷ್ಟು ಬೆಳೆಯುವ ಊರುಗಳಲ್ಲಿ ಮೊದಲ ದುಡ್ಡು ಸೀದಾ ಜಮೀನಿಗೆ ಹೋಗುತ್ತದೆ. ಜಮೀನು ಯಾವತ್ತೂ ಮುಳುಗುವುದಿಲ್ಲ ಅನ್ನುವ ನಂಬಿಕೆ. ಅದಕ್ಕೆ ಬೈಯುವ ಹಾಗಿಲ್ಲ, ಲೆಕ್ಕ ಸರಿಯೇ ಇರುತ್ತದೆ. ಆದರೆ ಜಮೀನು ಯಾರಿಗೂ ಎರಡನೇ ಕೆಲಸ ಕೊಡುವುದಿಲ್ಲ.

ಸರ್ಕಾರ ಈ ದುಡ್ಡಿನ ದಿಕ್ಕು ತಿರುಗಿಸಬಹುದಾ? ಇಸ್ರೇಲ್ ಒಂದು ಸಲ ತಿರುಗಿಸಿತು. 1993ರಲ್ಲಿ ಯೊಜ್ಮಾ ಅಂತ 10 ಕೋಟಿ ಡಾಲರ್‌ನ ಯೋಜನೆ ಮಾಡಿ, ಖಾಸಗಿ ಬಂಡವಾಳ ನಿಧಿಗಳಲ್ಲಿ ತಾನೂ ಪಾಲು ಹಾಕಿತು. ಲಾಭ ಬಂದರೆ ಸರ್ಕಾರದ ಪಾಲನ್ನು ಮೊದಲೇ ನಿಗದಿಯಾದ ಕಡಿಮೆ ಬೆಲೆಗೆ ನೀವೇ ಕೊಂಡುಕೊಳ್ಳಬಹುದು ಅಂತ ಆಸೆ ತೋರಿಸಿತು. ಎಂದರೆ ನಷ್ಟದಲ್ಲಿ ಜೊತೆ, ಲಾಭದಲ್ಲಿ ದೂರ. ಕೆಲವೇ ವರ್ಷದಲ್ಲಿ ಸರ್ಕಾರ ಅದರಿಂದ ಹೊರಗೂ ಬಂತು. ಇಂಥ ಯೋಜನೆ ಶುರು ಮಾಡುವವರು ಬಹಳ, ಬಿಟ್ಟು ಬರುವವರು ಕಡಿಮೆ. ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟ ಒಡೆದು ಲಕ್ಷಾಂತರ ಜನ, ಅದರಲ್ಲೂ ಎಂಜಿನಿಯರ್‌ಗಳು, ಅಲ್ಲಿಗೆ ಬಂದಿಳಿದಿದ್ದರು ಅನ್ನುವುದನ್ನೂ ಸೇರಿಸಿ ಓದಬೇಕು. ನೀತಿಯನ್ನು ನಕಲು ಮಾಡಬಹುದು, ಆ ವಲಸೆಯನ್ನು ನಕಲು ಮಾಡುವುದು ಹೇಗೆ?

ವರ್ಕ್ ಫ್ರಂ ಹೋಮ್ ಬಂದಮೇಲೆ ಊರಿನ ಲೆಕ್ಕವೇ ಮುಗಿಯಿತು ಅಂತ 2020ರಲ್ಲಿ ತುಂಬಾ ಜನ ಹೇಳಿದರು. ಆಮೇಲೆ ಎಐ ಅಲೆ ಬಂತು. ಎಲ್ಲಿಂದ ಬೇಕಾದರೂ ಕೆಲಸ ಮಾಡಬಲ್ಲ ಜನ ಮತ್ತೆ ಹೋಗಿ ಸೇರಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಕೆಲವೇ ಬೀದಿಗಳಿಗೆ. ನಾನು ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ ಅಲ್ವಾ.

ಗೆದ್ದ ಮೇಲೆ

ಕೇಂದ್ರ ಆಗಿಯೇ ಬಿಟ್ಟಿತು ಅಂದುಕೊಳ್ಳಿ. ಆಗ ಇನ್ನೊಂದು ತಲೆನೋವು. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ಸುತ್ತ ಎಎಸ್‌ಎಂಎಲ್ ಕಂಪನಿ ಇದೆ. ಅತ್ಯಾಧುನಿಕ ಚಿಪ್ ಅಚ್ಚು ಹಾಕುವ ಯಂತ್ರವನ್ನು ಜಗತ್ತಿನಲ್ಲಿ ಅದೊಂದೇ ಮಾಡುತ್ತದೆ. 1984ರಲ್ಲಿ ಫಿಲಿಪ್ಸ್ ಮಡಿಲಿನಿಂದ ಬಂದದ್ದು. ಕಂಪನಿ ಎಷ್ಟು ಬೆಳೆಯಿತೆಂದರೆ ಊರಿನಲ್ಲಿ ಮನೆ ಸಿಗದಾಯಿತು, ರಸ್ತೆ ಸಾಲದಾಯಿತು, ಕರೆಂಟಿನ ಜಾಲವೂ ಸಾಲದಾಯಿತು. ಬೇರೆ ಕಡೆ ಬೆಳೆಯಬೇಕಾದೀತು ಅಂತ ಎಎಸ್‌ಎಂಎಲ್ ಸೂಚನೆ ಕೊಟ್ಟಾಗ 2024ರ ಮಾರ್ಚ್‌ನಲ್ಲಿ ಸರ್ಕಾರ 250 ಕೋಟಿ ಯೂರೊ ತೆಗೆದಿಟ್ಟಿತು. ಹಣ ಮನೆಗೆ, ಸಾರಿಗೆಗೆ, ಓದಿಗೆ. ಯೋಜನೆಗೆ ಬೀಥೊವನ್ ಅಂತ ಹೆಸರು, ಖರ್ಚು ಬಸ್ಸಿನದು.

ಶಿಂಚುವಿನ ಪಾಡು ನೀರಿನದು. 2021ರಲ್ಲಿ ತೈವಾನಿಗೆ ಅರ್ಧ ಶತಮಾನದಲ್ಲೇ ಕೆಟ್ಟದಾದ ಬರ ಬಂತು. ಚಿಪ್ ಕಾರ್ಖಾನೆಗಳಿಗೆ ಟ್ಯಾಂಕರ್ ನೀರು ಹೋಯಿತು. ದೊಡ್ಡ ಪ್ರಮಾಣದ ಹೊಲಗಳಿಗೆ ನಾಲೆ ನೀರು ನಿಲ್ಲಿಸಿ, ಬೆಳೆ ಇಡದ ರೈತರಿಗೆ ಪರಿಹಾರ ಕೊಟ್ಟರು. ಟೆಕ್ ಕೇಂದ್ರ ಬೇಕು ಅನ್ನುವ ಪ್ರದೇಶ ಇದನ್ನು ಮೊದಲೇ ಕೇಳಿಕೊಳ್ಳಬೇಕು. ನೀರು ಕಡಿಮೆಯಾದ ವರ್ಷ ಯಾರ ನಲ್ಲಿ ನಿಲ್ಲುತ್ತದೆ?

ಒಂದೇ ಕಂಪನಿಯನ್ನು ನೆಚ್ಚಿಕೊಂಡ ಊರಿಗೆ ಬೇರೆ ಥರದ ಅಪಾಯ. ಕೆನಡಾದ ವಾಟರ್ಲೂ ಬ್ಲ್ಯಾಕ್‌ಬೆರಿ ಎಂಬ ಮೊಬೈಲ್ ಫೋನ್ ಕಂಪನಿಯ ತವರು. ಐಫೋನ್ ಬಂದ ಮೇಲೆ ಆ ಕಂಪನಿ ಕುಗ್ಗಿ ಸಾವಿರಾರು ಜನ ಹೊರಬಿದ್ದರು. ಊರು ಸಾಯಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯ 1957ರಿಂದಲೂ ವಿದ್ಯಾರ್ಥಿಗಳನ್ನು ಓದಿನ ನಡುವೆಯೇ ಕಂಪನಿಗಳಿಗೆ ಕೆಲಸಕ್ಕೆ ಕಳಿಸುತ್ತಾ ಬಂದಿತ್ತು. ಬ್ಲ್ಯಾಕ್‌ಬೆರಿಯ ಕೆಲವು ಕಟ್ಟಡಗಳನ್ನು ಆಮೇಲೆ ಆ ವಿಶ್ವವಿದ್ಯಾಲಯವೇ ಕೊಂಡಿತು.

ಹಾಗಾದರೆ ಬೆಳೆಯುತ್ತಿರುವ ಪ್ರದೇಶ ಟೆಕ್ ಕೇಂದ್ರ ಆಗಬಲ್ಲದಾ? ಆಗಬಲ್ಲದು. ಆದರೆ ಅದು ಎಲ್ಲ ಕ್ಷೇತ್ರದಲ್ಲೂ ಆಗಲಾರದು, ಬೇಗ ಆಗಲಾರದು. ಯಾವ ಒಂದು ಕಸುಬಿನಲ್ಲಿ ಆ ಊರಿನ ಕೈ ಈಗಾಗಲೇ ಪಳಗಿದೆ ಅನ್ನುವುದರ ಮೇಲೆ ಅದು ನಿಂತಿದೆ. ಯಾರಾದರೂ ನಿಮಗೆ ತಮ್ಮ ಪ್ರದೇಶದ ಬಗ್ಗೆ ಹೇಳಿಕೊಂಡರೆ ಎಕರೆ ಎಷ್ಟು ಅಂತ ಕೇಳಬೇಡಿ. ಒಂದು ಕೌಶಲ್ಯ ಆರಿಸಿ, ಅದಕ್ಕೆ ಅಲ್ಲಿ ಎಷ್ಟು ಬೇರೆ ಬೇರೆ ಕಂಪನಿಗಳು ಸಂಬಳ ಕೊಡುತ್ತವೆ ಅಂತ ಕೇಳಿ. ಕಳೆದ ವರ್ಷ ಕೆಲಸ ಬಿಟ್ಟವರಲ್ಲಿ ಎಷ್ಟು ಜನ ಊರಲ್ಲೇ ಇದ್ದಾರೆ ಅಂತ ಕೇಳಿ.

ಹೀಗೆಲ್ಲ ಕೇಳಿದರೂ ಲೆಕ್ಕ ತಪ್ಪುತ್ತದೆ. 1971ರ ಸಿಯಾಟಲ್ ನೋಡಿ. ಬೋಯಿಂಗ್ ಕಂಪನಿ ಆ ಊರಿನ ಅನ್ನದಾತ. ನಾಲ್ಕೈದು ವರ್ಷದಲ್ಲಿ ಅದು ತನ್ನ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಮನೆಗೆ ಕಳಿಸಿತ್ತು. ವಿಮಾನ ನಿಲ್ದಾಣದ ಹತ್ತಿರ ಇಬ್ಬರು ರಿಯಲ್ ಎಸ್ಟೇಟ್ ಏಜೆಂಟರು ತಮಾಷೆಗೆ ಒಂದು ದೊಡ್ಡ ಫಲಕ ಹಾಕಿಸಿದರು. ಸಿಯಾಟಲ್ ಬಿಡುವ ಕೊನೆಯವರು ದಯವಿಟ್ಟು ದೀಪ ಆರಿಸಿ ಹೋಗಿ ಅಂತ ಅದರ ಅರ್ಥ.

ಅದಾಗಿ ನಾಲ್ಕು ವರ್ಷಕ್ಕೆ ನ್ಯೂಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಮೈಕ್ರೋಸಾಫ್ಟ್ ಶುರುವಾಯಿತು. ಅದರ ಮೊದಲ ಗಿರಾಕಿ, ಆಲ್ಟೇರ್ ಕಂಪ್ಯೂಟರ್ ಮಾಡುವ ಕಂಪನಿ, ಅಲ್ಲಿತ್ತು. ಆದರೆ ಒಳ್ಳೆಯ ಪ್ರೋಗ್ರಾಮರ್‌ಗಳನ್ನು ಆ ಊರಿಗೆ ಕರೆತರುವುದು ಕಷ್ಟವಾಯಿತು. ಬಿಲ್ ಗೇಟ್ಸ್, ಪಾಲ್ ಆಲೆನ್ ಇಬ್ಬರಿಗೂ ಮನೆ ಇದ್ದದ್ದು ಸಿಯಾಟಲ್ ಕಡೆ. 1979ರ ಜನವರಿಯಲ್ಲಿ ಕಂಪನಿ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಎದ್ದುಹೋಯಿತು. 15 ವರ್ಷ ಕಳೆದು ಜೆಫ್ ಬೆಜೋಸ್ ಪುಸ್ತಕ ಮಾರುವ ವೆಬ್‌ಸೈಟ್ ಮಾಡಲು ನ್ಯೂಯಾರ್ಕಿನಿಂದ ಹೊರಟು ಆರಿಸಿಕೊಂಡದ್ದು ಅದೇ ಬೆಲ್‌ವ್ಯೂ. ಒಂದು ಕಾರಣ ತೆರಿಗೆ. ಇನ್ನೊಂದು, ಮೈಕ್ರೋಸಾಫ್ಟ್‌ನಿಂದಾಗಿ ಅಲ್ಲಿ ಎಂಜಿನಿಯರ್‌ಗಳು ಸಿಗುತ್ತಿದ್ದರು.

ಮೈಕ್ರೋಸಾಫ್ಟ್‌ನವರು ಆಲ್ಬುಕರ್ಕಿ ಬಿಡುವ ಮುಂಚೆ, 1978ರ ಡಿಸೆಂಬರ್‌ನಲ್ಲಿ, ಸ್ಟುಡಿಯೊಗೆ ಹೋಗಿ ತೆಗೆಸಿಕೊಂಡ ಒಂದು ಗ್ರೂಪ್ ಫೋಟೊ ಇದೆ. ಗಡ್ಡ, ಉದ್ದ ಕೂದಲು, ಅಗಲ ಕಾಲರಿನ ಅಂಗಿಗಳು. ಫ್ರೇಮಿನಲ್ಲಿ ಹನ್ನೊಂದು ಜನ. ಇಡೀ ಕಂಪನಿಯ ಲೆಕ್ಕ ತೆಗೆದರೂ ಆಗ ಹದಿಮೂರು.